ನಮ್ಮ ಮನೆಗೆ ಸೋಲಾರ್ ಬೇಕಾ ಬೇಡ್ವಾ, ಬಿಲ್ಲಿನಲ್ಲೇ ಬರೆದುಕೊಡಿ: ಇಂಧನ ಇಲಾಖೆಗೆ ಒಂದು ಬಹಿರಂಗ ಪತ್ರ

ರಾಜ್ಯದ ಇಂಧನ ಇಲಾಖೆಯ ಅಧಿಕಾರಿಗಳಿಗೆ, ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಮತ್ತು ಸೆಸ್ಕ್‌ನ ವ್ಯವಸ್ಥಾಪಕ ನಿರ್ದೇಶಕರಿಗೆ,

ನಮಸ್ಕಾರ.

ನನ್ನದು ಒಂದೇ ಬೇಡಿಕೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಿಂಗಳು ತಿಂಗಳು ಮನೆಗೆ ಕೊಡುವ ಕರೆಂಟ್ ಬಿಲ್ಲಿನಲ್ಲಿ, ಆ ಮನೆಗೆ ಸೋಲಾರ್‌ನಿಂದ ಲಾಭವಿದೆಯೋ ಇಲ್ಲವೋ ಎಂಬುದನ್ನು ಆ ಮನೆಯದೇ ಲೆಕ್ಕ ಹಾಕಿ ಬರೆದುಕೊಡಿ. ತಾರಸಿ ಮೇಲೆ ಕರೆಂಟ್ ತಯಾರಿಸುವ ಪ್ಯಾನೆಲ್ ಹಾಕಿದರೆ ವರ್ಷಕ್ಕೆ ಎಷ್ಟು ಉಳಿಯುತ್ತದೆ? ಬರೀ ನೀರು ಕಾಯಿಸುವ ಸೋಲಾರ್ ಹಾಕಿದರೆ ಎಷ್ಟು? ಎರಡೂ ಬೇಡದ ಮನೆಯಾದರೆ 'ಸದ್ಯಕ್ಕೆ ಬೇಡ' ಎಂದೇ ಬರೆಯಿರಿ.

ಇದನ್ನು ನಿಮ್ಮನ್ನೇ ಕೇಳಲು ಕಾರಣವಿದೆ. ಒಂದು ಮನೆ ಯಾವ ತಿಂಗಳು ಎಷ್ಟು ಯೂನಿಟ್ ಸುಟ್ಟಿದೆ, ಮಂಜೂರಾದ ಲೋಡ್ ಎಷ್ಟು, ಗೃಹಜ್ಯೋತಿಯಲ್ಲಿ ಎಷ್ಟು ಯೂನಿಟ್ ಉಚಿತ, ಇದೆಲ್ಲ ನಿಮ್ಮ ಹತ್ತಿರ ಇದೆ. ಬೇರೆ ಯಾರ ಹತ್ತಿರವೂ ಇಷ್ಟು ಪೂರ್ತಿಯಾಗಿ ಇಲ್ಲ. ಆದರೂ ಇವತ್ತು ಜನರಿಗೆ ಈ ಲೆಕ್ಕ ಹೇಳಿಕೊಡುತ್ತಿರುವವರು ಮಾರಾಟಕ್ಕೆ ಬರುವವರು. ಅವರ ಕೈಯಲ್ಲಿರುವುದು ಒಂದೇ ಚೀಟಿ. ಮೂರು ಕಿಲೋವ್ಯಾಟ್, 78 ಸಾವಿರ ಸಬ್ಸಿಡಿ, ನಾಲ್ಕು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ಎಲ್ಲ ಮನೆಗೂ ಅದೇ ಚೀಟಿ.

ಆ ಚೀಟಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಕೆಲವು ಮನೆಗಳಿಗೆ ಅದು ಅಕ್ಷರಶಃ ನಿಜ. ತೊಂದರೆ ಇರುವುದು ಉಳಿದ ಮನೆಗಳಲ್ಲಿ.

ತುಮಕೂರಿನ ನಮ್ಮ ಬಡಾವಣೆಯಲ್ಲಿ ಬಿಲ್ ಹಿಡಿದು ಬಂದು "ಸ್ವಲ್ಪ ನೋಡಿ ಹೇಳಿ, ಹಾಕಿಸಬಹುದಾ?" ಎಂದು ಕೇಳುವವರು ಈಗೀಗ ಜಾಸ್ತಿಯಾಗಿದ್ದಾರೆ. ಅದರಲ್ಲಿ ಒಬ್ಬರ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇನೆ. ಅವರು ಟೈಲರ್. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಗೃಹಜ್ಯೋತಿಯಲ್ಲಿ ಅವರಿಗೆ 182 ಯೂನಿಟ್ ಅರ್ಹತೆ. ನಿಮಗೆ ಗೊತ್ತಿರುವುದೇ, 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಬಂದದ್ದು. ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಅವರು 150, 160 ಯೂನಿಟ್ ದಾಟುವುದಿಲ್ಲ. ಬಿಲ್ ಸೊನ್ನೆ. ಚಳಿಗಾಲದಲ್ಲಿ ಮಾತ್ರ ಗೀಸರ್ ಓಡುತ್ತದೆ. ಮೂರು ತಿಂಗಳು 210ರ ಆಸುಪಾಸಿಗೆ ಹೋಗುತ್ತದೆ.

210 ಎಂದರೆ ಗೃಹಜ್ಯೋತಿಯ 200ರ ಮಿತಿಗಿಂತ ಹತ್ತು ಯೂನಿಟ್ ಜಾಸ್ತಿ ಅಷ್ಟೇ ಅಲ್ವಾ ಎಂದು ಅವರು ಅಂದುಕೊಂಡಿದ್ದರು. ಹಾಗಲ್ಲ. 182ರಿಂದ 200ರ ಒಳಗೆ ಇದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. 2025ರ ಏಪ್ರಿಲ್‌ನ ದರದಲ್ಲಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು 36 ಪೈಸೆ, ಮೇಲೆ ಶೇಕಡಾ 9 ತೆರಿಗೆ, ಜೊತೆಗೆ ಕಿಲೋವ್ಯಾಟಿಗೆ 145 ರೂಪಾಯಿ ನಿಗದಿತ ಶುಲ್ಕ. ಮೂರು ಕಿಲೋವ್ಯಾಟ್ ಲೋಡ್ ಇರುವ ಈ ಮನೆಗೆ 210 ಯೂನಿಟ್ಟಿನ ಬಿಲ್ ಸುಮಾರು 1,840 ರೂಪಾಯಿ ಬರುತ್ತದೆ. ಆ ಕೊನೆಯ ಹತ್ತು ಯೂನಿಟ್ ಇಲ್ಲದಿದ್ದರೆ ನೂರಿಪ್ಪತ್ತು, ನೂರಮೂವತ್ತು ರೂಪಾಯಿಗೆ ಮುಗಿಯುತ್ತಿತ್ತು.

ಇವರಿಗೆ ಒಬ್ಬ ವ್ಯಾಪಾರಿ ಮೂರು ಕಿಲೋವ್ಯಾಟ್ ಪ್ಯಾನೆಲ್ ಹಾಕಿಸಿ ಎಂದು ಹೇಳಿ ಹೋಗಿದ್ದರು. ವರ್ಷಕ್ಕೆ 28 ಸಾವಿರ ಉಳಿಯುತ್ತದೆ ಎಂದು ಬರೆದೂ ಕೊಟ್ಟಿದ್ದರು. ವರ್ಷವಿಡೀ ಈ ಮನೆಯವರು ಕಟ್ಟುವುದೇ ಐದೂವರೆ ಸಾವಿರ. 28 ಸಾವಿರ ಉಳಿಯುವುದು ಎಲ್ಲಿಂದ? ಸಬ್ಸಿಡಿ ಕಳೆದು ಒಂದು ಲಕ್ಷ ಕೈಯಿಂದ ಹಾಕಿದರೆ, ಅದು ವಾಪಸ್ ಬರುವ ಹೊತ್ತಿಗೆ ಚಿಕ್ಕ ಮಗನ ಮದುವೆ ಆಗಿರುತ್ತದೆ.

ಈ ಮನೆಗೆ ಬೇಕಿರುವುದು ಪ್ಯಾನೆಲ್ ಅಲ್ಲ. ನೂರು ಲೀಟರಿನ ಸೋಲಾರ್ ವಾಟರ್ ಹೀಟರ್. 20ರಿಂದ 25 ಸಾವಿರದೊಳಗೆ ಆಗುತ್ತದೆ. ಡಿಸೆಂಬರ್, ಜನವರಿಯಲ್ಲಿ ತುಮಕೂರಿನ ಕಡೆ ಬೆಳಗ್ಗೆ ಚಳಿ, ಆದರೆ ಹಗಲೆಲ್ಲ ಚೆನ್ನಾಗಿ ಬಿಸಿಲು. ಗೀಸರಿನ ಐವತ್ತು ಯೂನಿಟ್ ಇಳಿದರೆ ಇಡೀ ಮನೆ 182ರ ಒಳಗೆ ಬಂದು ಕೂರುತ್ತದೆ. ಐವತ್ತು ಯೂನಿಟ್ ಉಳಿಸಿ ಪೂರ್ತಿ ಬಿಲ್ಲನ್ನೇ ಉಳಿಸಿದ ಹಾಗೆ. ನಾಲ್ಕೈದು ವರ್ಷದಲ್ಲಿ ಹಾಕಿದ ದುಡ್ಡು ಬರುತ್ತದೆ. ಇದನ್ನು ಅವರಿಗೆ ಹೇಳಿದವರು ಯಾರೂ ಇರಲಿಲ್ಲ. ಅವರ ಹನ್ನೆರಡು ತಿಂಗಳ ರೀಡಿಂಗ್ ಇಟ್ಟುಕೊಂಡಿರುವ ಕಂಪ್ಯೂಟರ್ ಇದನ್ನು ಒಂದು ಕ್ಷಣದಲ್ಲಿ ಹೇಳಬಹುದಿತ್ತು.

ರಾಜ್ಯದಲ್ಲಿ ಇಂಥ ಮನೆಗಳು ಎಷ್ಟಿವೆ ಎಂಬುದು ನಿಮಗೇ ಚೆನ್ನಾಗಿ ಗೊತ್ತು. ಅರ್ಹತೆಯ ಅಂಚಿನಲ್ಲಿದ್ದು, ಕೆಲವು ತಿಂಗಳು ಮಾತ್ರ ಆಚೆ ಬೀಳುವ ಮನೆಗಳು. ಎಲೆಕ್ಟ್ರಿಕ್ ಸ್ಕೂಟರ್ ತಂದ ಮನೆಗಳು ಈಗ ಅದೇ ಸಾಲಿಗೆ ಸೇರುತ್ತಿವೆ. ಒಂದು ಸಲ ಫುಲ್ ಚಾರ್ಜ್ ಎಂದರೆ ಸುಮಾರು ಮೂರು ಯೂನಿಟ್. ವಾರಕ್ಕೆ ನಾಲ್ಕು ಸಲ ಚಾರ್ಜಿಗೆ ಹಾಕಿದರೆ ತಿಂಗಳಿಗೆ ಐವತ್ತು ಯೂನಿಟ್ ಅಲ್ಲೇ ಹೋಯಿತು.

ನೀರು ಕಾಯಿಸುವ ಸೋಲಾರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಪ್ಯಾನೆಲ್‌ನ ಗಲಾಟೆಯಲ್ಲಿ ಇದನ್ನು ಎಲ್ಲರೂ ಮರೆತಂತೆ ಕಾಣುತ್ತಿದೆ. ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು ಸುಮಾರು ಮೂರೂವರೆ ಯೂನಿಟ್ ಕರೆಂಟ್ ಬೇಕು. ವರ್ಷದಲ್ಲಿ 300 ದಿನ ಬಿಸಿಲು ಸಿಕ್ಕಿ, ಅಷ್ಟೂ ನೀರು ಬಳಸಿದರೆ ಸಾವಿರ ಯೂನಿಟ್ ಉಳಿತಾಯ. ಪೂರ್ತಿ ದರ ಕಟ್ಟುವ ಮನೆಗೆ ಅದು ಆರೇಳು ಸಾವಿರ ರೂಪಾಯಿ. ತಾರಸಿಯಲ್ಲಿ ಇದಕ್ಕೆ ಬೇಕಾದ ಗಾಜಿನ ಜಾಗ ಎರಡು ಚದರ ಮೀಟರ್. ಅದೇ ಮೂರೂವರೆ ಯೂನಿಟ್ಟನ್ನು ಪ್ಯಾನೆಲ್‌ನಿಂದ ತೆಗೆಯಬೇಕಾದರೆ ಎರಡರಷ್ಟಕ್ಕಿಂತ ಜಾಸ್ತಿ ಜಾಗ ಬೇಕು. ಬಿಸಿಲನ್ನು ಕರೆಂಟ್ ಮಾಡಿ, ಆ ಕರೆಂಟಿನಿಂದ ನೀರು ಕಾಯಿಸುವುದು ಸುತ್ತು ಬಳಸುವ ದಾರಿ.

ಆದರೆ ಇದಕ್ಕೂ ಅದರದೇ ಕಷ್ಟಗಳಿವೆ. ಮೊದಲನೆಯದು ನೀರು. ತುಮಕೂರು, ಕೋಲಾರ, ಚಿತ್ರದುರ್ಗದ ಬೋರ್‌ವೆಲ್ ನೀರು ಗಡುಸು. ತಾಮ್ರದ ಕೊಳವೆ ಇರುವ ಫ್ಲ್ಯಾಟ್ ಪ್ಲೇಟ್ ಹೀಟರಿಗೆ ಅದನ್ನು ನೇರ ಬಿಟ್ಟರೆ ಒಳಗೆ ಸುಣ್ಣ ಕಟ್ಟುತ್ತದೆ. ನಮ್ಮ ಬೀದಿಯಲ್ಲೇ ಒಂದನ್ನು ಬಿಚ್ಚಿದಾಗ ನೋಡಿದೆ. ಕೊಳವೆಯ ಬಾಯಲ್ಲಿ ಬೆರಳು ದಪ್ಪದ ಜಾಗ ಇರಬೇಕಾದ ಕಡೆ ಕಡ್ಡಿ ತೂರಿಸುವಷ್ಟು ತೂತು ಉಳಿದಿತ್ತು. ಸುತ್ತ ಬಿಳಿ ಪದರ, ಸ್ಕ್ರೂಡ್ರೈವರ್‌ನಿಂದ ಕೆರೆದರೆ ಹೆಕ್ಕಳೆಯಾಗಿ ಉದುರುತ್ತಿತ್ತು. ಮೇಲೆ ಗಾಜು ಫಳಫಳ, ಒಳಗೆ ನೀರೇ ಓಡುತ್ತಿಲ್ಲ. ಮನೆಯವರು ಹೀಟರ್ ಕೆಟ್ಟಿದೆ, ಸೋಲಾರೇ ದಂಡ ಎಂದು ತೀರ್ಮಾನಿಸಿ ಗೀಸರಿಗೆ ವಾಪಸ್ ಹೋಗಿದ್ದರು. ಇಂಥ ನೀರಿಗೆ ಗಾಜಿನ ಟ್ಯೂಬಿನ ಹೀಟರ್ ಮೇಲು. ಅದರಲ್ಲೂ ಸುಣ್ಣ ಕಟ್ಟುತ್ತದೆ, ಆದರೆ ಟ್ಯೂಬಿನ ಬಾಯಿ ದೊಡ್ಡದು, ಬಿಚ್ಚಿ ತೊಳೆಯಬಹುದು. ಇಲ್ಲವೇ ಬೋರ್ ನೀರನ್ನು ಕೊಳವೆಗೆ ಬಿಡದೆ ಬೇರೆ ದ್ರವದ ಮೂಲಕ ಕಾಯಿಸುವ ಹೀಟ್ ಎಕ್ಸ್‌ಚೇಂಜರ್ ಇರುವುದನ್ನೇ ತೆಗೆದುಕೊಳ್ಳಬೇಕು. ಕಾವೇರಿ ನೀರು ಬರುವ ಬೆಂಗಳೂರಿನ ಮನೆಗೂ ಬೋರ್ ನೀರನ್ನೇ ನಂಬಿದ ಮನೆಗೂ ಒಂದೇ ಹೀಟರ್ ಮಾರುವುದನ್ನು ಯಾರಾದರೂ ತಡೆಯಬೇಕು.

ಎರಡನೆಯದು ಪೈಪು. ಟ್ಯಾಂಕ್ ಮೂರನೇ ಮಹಡಿ ಮೇಲೆ, ಬಚ್ಚಲು ಕೆಳಗಿನ ಮನೆಯಲ್ಲಿ. ನಡುವೆ ಇಪ್ಪತ್ತು ಮೀಟರ್ ಮುಕ್ಕಾಲು ಇಂಚಿನ ಪೈಪ್ ಇದ್ದರೆ ಅದರೊಳಗೇ ಐದಾರು ಲೀಟರ್ ನೀರು ನಿಂತಿರುತ್ತದೆ. ರಾತ್ರಿಯೆಲ್ಲ ತಣ್ಣಗಾಗಿರುತ್ತದೆ. ಬಿಸಿನೀರು ಬರುವ ತನಕ ಅದನ್ನು ಸುಮ್ನೆ ಚರಂಡಿಗೆ ಬಿಡುತ್ತಾರೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಜನ ಕೊಡ ಹಿಡಿದು ಟ್ಯಾಂಕರ್ ಕಾದದ್ದನ್ನು ನೋಡಿದ ಮೇಲೂ ಈ ಐದು ಲೀಟರಿನ ಮಾತು ಚಿಕ್ಕದು ಎಂದು ನನಗೆ ಅನಿಸುವುದಿಲ್ಲ. ಪೈಪಿಗೆ ಒಳ್ಳೆಯ ಹೊದಿಕೆ ಸುತ್ತಬೇಕು, ಮನೆ ಕಟ್ಟುವಾಗಲೇ ಬಚ್ಚಲನ್ನು ಟ್ಯಾಂಕಿನ ನೇರಕ್ಕೆ ಇಡಬೇಕು.

ಮೂರನೆಯದು ನಿಮ್ಮ ನಿಯಮವೇ. ಒಂದು ಅಳತೆ ಮೀರಿದ ಹೊಸ ಮನೆಗೆ ಸೋಲಾರ್ ಹೀಟರ್ ಇರಬೇಕೆಂದು ರಾಜ್ಯ ಬಹಳ ಹಿಂದೆಯೇ ಕಡ್ಡಾಯ ಮಾಡಿತು. ಒಳ್ಳೆಯ ಕೆಲಸ. ಬೆಂಗಳೂರಿನಷ್ಟು ಸೋಲಾರ್ ಹೀಟರ್ ದೇಶದ ಬೇರೆ ಊರುಗಳಲ್ಲಿ ಕಾಣಸಿಗದಿರಲು ಅದೂ ಒಂದು ಕಾರಣ. ಹಾಕಿದವರಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯನ್ನೂ ಇಟ್ಟಿರಿ. ಆದರೆ ಕನೆಕ್ಷನ್ ಸಿಗಲಿ ಎಂದು ಹಾಕಿಸಿ, ಆಮೇಲೆ ತಿರುಗಿಯೂ ನೋಡದ ಹೀಟರುಗಳು ಎಷ್ಟೋ ತಾರಸಿಗಳಲ್ಲಿ ಇವೆ. ಟ್ಯೂಬ್ ಒಡೆದಿದೆ, ಟ್ಯಾಂಕ್ ಸೋರುತ್ತಿದೆ, ಕೆಲವು ಕಡೆ ಪೈಪ್ ಜೋಡಿಸಿಯೇ ಇಲ್ಲ. ಹೀಟರ್ ಇದೆಯೇ ಎಂದು ಕೇಳಿದರೆ ಸಾಲದು, ನಡೆಯುತ್ತಿದೆಯೇ ಎಂದೂ ಕೇಳಬೇಕು. ಆ ಐವತ್ತು ರೂಪಾಯಿಯನ್ನು ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿದವರಿಗೆ ಕೊಡುವಂತೆ ಬದಲಾಯಿಸಿದರೂ ಸಾಕು, ಎಷ್ಟೋ ಸತ್ತ ಹೀಟರುಗಳು ಜೀವ ಪಡೆಯುತ್ತವೆ.

ಮಲೆನಾಡು, ಕರಾವಳಿಯ ಮಾತು ಬೇರೆ. ಅಲ್ಲಿ ಬಚ್ಚಲ ಒಲೆ ಇನ್ನೂ ಉರಿಯುತ್ತದೆ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಒಣಗಿದ ಸೋಗೆ ತೋಟದಲ್ಲೇ ಸಿಗುತ್ತದೆ. ಹಂಡೆ ನೀರಿಗೆ ದುಡ್ಡಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಸೂರ್ಯನೂ ಇಲ್ಲ. ಆ ಮನೆಗೆ ದುಡ್ಡಿನ ಲೆಕ್ಕದಲ್ಲಿ ಸೋಲಾರ್ ಹೀಟರ್ ಗೆಲ್ಲುವುದಿಲ್ಲ. ಆದರೆ ಬೆಳಗ್ಗೆ ಐದಕ್ಕೆ ಎದ್ದು ಒಲೆ ಊದುವವರು ಯಾರು, ಆ ಹೊಗೆ ಕುಡಿಯುವವರು ಯಾರು ಎಂಬ ಲೆಕ್ಕವೂ ಇದೆಯಲ್ಲ. ಬಹುತೇಕ ಮನೆಗಳಲ್ಲಿ ಅದು ಅಮ್ಮ ಅಥವಾ ಅತ್ತೆ. ಆ ಕಾರಣಕ್ಕೆ ಹಾಕಿಸಿದರೆ ನಾನಂತೂ ಸರಿ ಎನ್ನುತ್ತೇನೆ. ಉಳಿತಾಯ ಆಗುತ್ತದೆ ಎಂದು ಹೇಳಿ ಮಾರಿದರೆ ಮಾತ್ರ ತಪ್ಪು.

ಈಗ ಪ್ಯಾನೆಲ್ ನಿಜವಾಗಿ ಲಾಭವಾಗುವ ಮನೆಗೆ ಬರುತ್ತೇನೆ. ತಿಂಗಳಿಗೆ 400 ಯೂನಿಟ್ ಬಳಸುವ, ಗೃಹಜ್ಯೋತಿ ಸಿಗದ ಮನೆ ಎಂದು ಇಟ್ಟುಕೊಳ್ಳಿ. ನಮ್ಮ ಕಡೆ ಒಂದು ಕಿಲೋವ್ಯಾಟ್ ಪ್ಯಾನೆಲ್ ಸರಾಸರಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಮೂರು ಕಿಲೋವ್ಯಾಟಿಗೆ ತಿಂಗಳಿಗೆ 350ರ ಹತ್ತಿರ. ಅದೇ 2025ರ ದರದಲ್ಲಿ ತೆರಿಗೆಯೆಲ್ಲ ಸೇರಿ ಯೂನಿಟ್ಟಿಗೆ 6 ರೂಪಾಯಿ 70 ಪೈಸೆ ಹಿಡಿದರೆ ತಿಂಗಳಿಗೆ 2,300 ರೂಪಾಯಿ ಉಳಿಯುತ್ತದೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ ಸಬ್ಸಿಡಿ. ಒಟ್ಟು 78 ಸಾವಿರ, ಅದಕ್ಕಿಂತ ಮೇಲೆ ಇಲ್ಲ. ಅಡಮಾನವಿಲ್ಲದೆ ಬ್ಯಾಂಕ್ ಸಾಲವೂ ಸಿಗುತ್ತದೆ. ಒಂದು ಲಕ್ಷ ಎಂಬತ್ತು ಸಾವಿರದ ಕೆಲಸ ಒಂದು ಲಕ್ಷದ ಆಸುಪಾಸಿಗೆ ಬಂದರೆ ನಾಲ್ಕು ವರ್ಷದಲ್ಲಿ ಹಣ ವಾಪಸ್ ಎನ್ನುವುದು ಈ ಮನೆಗೆ ನಿಜ. ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳುತ್ತದೆ. ನಡುವೆ ಒಮ್ಮೆ, ಪ್ಯಾನೆಲ್ ಕರೆಂಟನ್ನು ಮನೆ ಬಳಕೆಯ ಕರೆಂಟಾಗಿ ಮಾಡುವ ಇನ್ವರ್ಟರ್ ಬದಲಿಸುವ ಖರ್ಚನ್ನು ಎತ್ತಿಟ್ಟುಕೊಂಡಿರಬೇಕು ಅಷ್ಟೇ. ಇಂಥ ಮನೆಯವರು ಇನ್ನೂ ಯೋಚಿಸುತ್ತಾ ಕೂತಿದ್ದರೆ ನಿಮ್ಮ ಬಿಲ್ಲೇ ಅವರನ್ನು ಎಬ್ಬಿಸಲಿ.

ಆದರೆ ಅವರಿಗೂ ಮೊದಲೇ ಹೇಳಬೇಕಾದ ಮಾತುಗಳಿವೆ. ಕರೆಂಟ್ ಹೋದಾಗ ಈ ಪ್ಯಾನೆಲ್ ಕೂಡ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ತಾರಸಿಯಿಂದ ಶಾಕ್ ಹೊಡೆಯಬಾರದು ಎಂದು ಇನ್ವರ್ಟರ್ ತಾನೇ ಬಂದ್ ಆಗುತ್ತದೆ. ಅದು ಸರಿಯಾದ ವ್ಯವಸ್ಥೆಯೇ. ಆದರೆ ಮಟಮಟ ಮಧ್ಯಾಹ್ನ ಬಿಸಿಲು ಕಾಯುತ್ತಿರುವಾಗ ಫ್ಯಾನ್ ನಿಂತರೆ ಮನೆಯವರಿಗೆ ಮೋಸ ಹೋದಂತೆ ಅನಿಸುತ್ತದೆ. ಪವರ್ ಕಟ್ಟಿಗೂ ಬೇಕು ಎಂದರೆ ಬ್ಯಾಟರಿ ಇರುವ ಹೈಬ್ರಿಡ್ ವ್ಯವಸ್ಥೆ ಬೇಕು. ಅದರ ಖರ್ಚು ಬೇರೆ, ಲೆಕ್ಕವೂ ಬೇರೆ.

ನೆರಳು ಇನ್ನೊಂದು. ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. 30-40 ಸೈಟಿನಲ್ಲಿ ನೀರಿನ ಟ್ಯಾಂಕ್, ಮೆಟ್ಟಿಲ ಕೋಣೆ, ಬಟ್ಟೆ ಒಣಹಾಕುವ ತಂತಿ ಎಲ್ಲ ಕಳೆದರೆ ಎಷ್ಟು ಉಳಿಯುತ್ತದೆ? ಸಾಲಿನಲ್ಲಿ ಜೋಡಿಸಿದ ಒಂದು ಪ್ಯಾನೆಲ್ ಮೇಲೆ ಟ್ಯಾಂಕಿನ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಇಳಿಯಬಹುದು. ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಹಾಕುವ ಮನೆಯವರು ಜಾಗ ಬಿಟ್ಟುಕೊಡಲು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಎತ್ತರದ ಕಂಬಿಗಳ ಮೇಲೆ ಕೂರಿಸಿದರೆ ಕೆಳಗೆ ಓಡಾಡಬಹುದು. ಅದಕ್ಕೆ ಇನ್ನಷ್ಟು ಖರ್ಚು. ಪಕ್ಕದ ಖಾಲಿ ಸೈಟಿನಲ್ಲಿ ನಾಳೆ ನಾಲ್ಕು ಮಹಡಿ ಎದ್ದರೆ ಏನು ಎಂಬುದನ್ನೂ ಇವತ್ತೇ ಕೇಳಿಕೊಳ್ಳಬೇಕು.

ಇನ್ನು ಮಾರುವ ಕರೆಂಟಿನ ಮಾತು. 2013ರಲ್ಲಿ ಕರೆಂಟ್ ದರ ನಿಗದಿ ಮಾಡುವ ರಾಜ್ಯದ ಆಯೋಗ ಕೆಇಆರ್‌ಸಿ ತಾರಸಿ ಸೋಲಾರಿಗೆ, ಸಬ್ಸಿಡಿ ಪಡೆಯದವರಿಗೆ, ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ದರ ಇಟ್ಟಿತ್ತು. ಆ ಕಾಲದ ಕಥೆಗಳು ಜನರ ಬಾಯಲ್ಲಿ ಇನ್ನೂ ಓಡಾಡುತ್ತಿವೆ. ಈಗ ಹಾಗಿಲ್ಲ. ಗ್ರಿಡ್‌ಗೆ ಕೊಟ್ಟದ್ದನ್ನೂ ಅಲ್ಲಿಂದ ಎಳೆದದ್ದನ್ನೂ ಅಳೆಯುವ ನೆಟ್ ಮೀಟರಿನಲ್ಲಿ ನಾವು ಬಳಸಿದಷ್ಟಕ್ಕೆ ವಜಾ ಆಗುವುದೇ ದೊಡ್ಡ ಲಾಭ. ಅದಕ್ಕೂ ಮೀರಿ ಉಳಿದದ್ದಕ್ಕೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಹಾಗಾಗಿ ಮನೆಯ ಬಳಕೆಗಿಂತ ದೊಡ್ಡ ಪ್ಯಾನೆಲ್ ಹಾಕಿಸುವುದರಲ್ಲಿ ಅರ್ಥವಿಲ್ಲ. ಪ್ಯಾನೆಲ್ ದೊಡ್ಡದಾದರೆ ಮಂಜೂರಾದ ಲೋಡನ್ನೂ ಏರಿಸಬೇಕಾಗಬಹುದು. ಏರಿಸಿದ ಪ್ರತಿ ಕಿಲೋವ್ಯಾಟಿಗೆ, 2025ರ ಏಪ್ರಿಲ್‌ನ ದರದಲ್ಲಿ, ತಿಂಗಳಿಗೆ 145 ರೂಪಾಯಿ, ವರ್ಷಕ್ಕೆ 1,740 ರೂಪಾಯಿ, ಬಿಸಿಲಿದ್ದರೂ ಇಲ್ಲದಿದ್ದರೂ ಕಟ್ಟಬೇಕು. ವ್ಯಾಪಾರಿಯ ಚೀಟಿಯಲ್ಲಿ ಈ ಸಾಲನ್ನು ನಾನು ಇದುವರೆಗೆ ನೋಡಿಲ್ಲ.

ಹಾಗಾದರೆ ಬಿಲ್ಲಿನಲ್ಲಿ ಏನು ಬರೆಯಬೇಕು? ಆ ಟೈಲರ್ ಮನೆಯ ಬಿಲ್ಲಿನಲ್ಲಿ ಇಷ್ಟು ಇದ್ದರೆ ಸಾಕಿತ್ತು: "ನಿಮ್ಮ ಉಚಿತ ಅರ್ಹತೆ 182 ಯೂನಿಟ್. ಕಳೆದ ಹನ್ನೆರಡು ತಿಂಗಳಲ್ಲಿ ಮೂರು ತಿಂಗಳು 200 ದಾಟಿದ್ದೀರಿ, ಅದರಿಂದ ಸುಮಾರು 5,500 ರೂಪಾಯಿ ಕಟ್ಟಿದ್ದೀರಿ. ಈ ಬಳಕೆಗೆ ಪ್ಯಾನೆಲ್‌ನಿಂದ ಹೆಚ್ಚು ಉಳಿತಾಯವಿಲ್ಲ. ಗೀಸರ್ ಬಳಸುತ್ತಿದ್ದರೆ ಸೋಲಾರ್ ವಾಟರ್ ಹೀಟರ್ ವಿಚಾರಿಸಿ." ನಾಲ್ಕು ಸಾಲು. 400 ಯೂನಿಟ್ಟಿನ ಮನೆಗೆ ಬೇರೆ ನಾಲ್ಕು ಸಾಲು. ನೂರು ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವ ಮನೆಗೆ ಒಂದೇ ಸಾಲು. ಹಣ ಉಳಿಸುವುದಕ್ಕೆಂದು ಸಾಲ ಮಾಡಿ ಸೋಲಾರ್ ಹಾಕಿಸಬೇಡಿ ಎಂದು.

ಈ ಕೊನೆಯ ಸಾಲು ಬರೆಯಲು ನಿಮಗೆ ಇಷ್ಟವಾಗಲಿಕ್ಕಿಲ್ಲ. ಒಂದು ಕೋಟಿ ಮನೆಗಳಿಗೆ ಸೋಲಾರ್ ಎಂಬ ಗುರಿ ಕೇಂದ್ರದ್ದು, ಅದರಲ್ಲಿ ರಾಜ್ಯದ ಪಾಲು ತುಂಬಬೇಕೆಂಬ ಒತ್ತಡ ನಿಮ್ಮ ಮೇಲಿದೆ. ನನಗೂ ನಮ್ಮ ರಾಜ್ಯದಲ್ಲಿ ಸೋಲಾರ್ ಹೆಚ್ಚಬೇಕೆಂಬ ಆಸೆ ಇದೆ. ನಮ್ಮ ಜಿಲ್ಲೆಯ ಪಾವಗಡದಲ್ಲೇ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಲಾಭವಾಗದ ಮನೆಗೆ ಹಾಕಿಸಿದ ಒಂದು ಪ್ಯಾನೆಲ್ ಇಡೀ ಬೀದಿಯ ಬಾಯಿ ಮುಚ್ಚಿಸುತ್ತದೆ. "ಅವರ ಮನೇಲಿ ಹಾಕ್ಸಿದ್ರು, ಏನೂ ಆಗ್ಲಿಲ್ಲ" ಎಂಬ ಒಂದು ಮಾತು ಸಾಕು. ಆಮೇಲೆ ನಿಜವಾಗಿ ಬೇಕಾದ ಮನೆಯವರೂ ಹಾಕಿಸುವುದಿಲ್ಲ.

ಜೊತೆಗೆ ಇನ್ನೊಂದನ್ನು ಸ್ಪಷ್ಟ ಮಾಡಿ. ನೆಟ್ ಮೀಟರ್ ಹಾಕಿಸಿದ ಮನೆಗೆ ಗೃಹಜ್ಯೋತಿಯ ಲೆಕ್ಕ ಹೇಗೆ ಎಂದು ಬರುವವರೆಲ್ಲ ಕೇಳುತ್ತಾರೆ. ಗ್ರಿಡ್‌ನಿಂದ ಎಳೆದ ಒಟ್ಟು ಯೂನಿಟ್ ಹಿಡಿಯುತ್ತೀರೋ, ವಜಾ ಆದಮೇಲೆ ಉಳಿದದ್ದನ್ನೋ ಎಂಬುದನ್ನು ಉದಾಹರಣೆ ಸಮೇತ, ನೇರ ಕನ್ನಡದಲ್ಲಿ, ಪ್ರತಿ ಉಪವಿಭಾಗದ ಕಚೇರಿಯ ಗೋಡೆಗೆ ಅಂಟಿಸಿ. ಒಂದು ಲಕ್ಷ ಹಾಕುವ ಮುಂಚೆ ಜನ ಅದನ್ನು ಓದಿಕೊಂಡು ಹೋಗಲಿ.

ಬಾಡಿಗೆ ಮನೆಯವರಿಗೆ, ಅಪಾರ್ಟ್‌ಮೆಂಟಿನವರಿಗೆ ತಾರಸಿ ತಮ್ಮದಲ್ಲ. ಅವರ ಬಿಲ್ಲಿನಲ್ಲಿ ಸೋಲಾರ್ ಬದಲು ಗೀಸರನ್ನು ಎಷ್ಟು ಹೊತ್ತು ಹಾಕಿದರೆ ಎಷ್ಟು ಯೂನಿಟ್ ಎಂದು ಬರೆದರೂ ಉಪಕಾರ. ಎರಡು ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್. ಇಷ್ಟು ಗೊತ್ತಿದ್ದರೆ ಯಾರೂ ಅದನ್ನು ಆನ್ ಮಾಡಿ ಮರೆತು ಕೂರುವುದಿಲ್ಲ.

ಮೊದಲು ಒಂದು ಉಪವಿಭಾಗದಲ್ಲಿ ಪ್ರಯೋಗ ಮಾಡಿ ನೋಡಿ. ಬಿಲ್ ಪ್ರಿಂಟ್ ಮಾಡುವ ಯಂತ್ರ ಅದೇ, ರೀಡಿಂಗ್‌ಗೆ ಬರುವವರೂ ಅವರೇ, ಬೇಕಿರುವುದು ಸಾಫ್ಟ್‌ವೇರಿನಲ್ಲಿ ಒಂದು ಲೆಕ್ಕ. ಕಾರ್ತಿಕಕ್ಕೆ ಮುಂಚೆ ಶುರುವಾದರೆ ಒಳ್ಳೆಯದು. ಗೀಸರ್‌ಗಳು ಆನ್ ಆಗುವುದು ಆಗಲೇ. ಯಾವ ತಿಂಗಳ ಬಿಲ್ಲಿನಿಂದ ಇದು ಬರುತ್ತದೆ ಎಂದು ಪ್ರಕಟಿಸಿ. ನಮ್ಮ ಬೀದಿಯವರಿಗೆ ಆ ತಿಂಗಳ ತನಕ ಯಾವ ಚೀಟಿಗೂ ಸಹಿ ಹಾಕಬೇಡಿ ಎಂದು ಹೇಳುತ್ತೇನೆ.

ವಂದನೆಗಳೊಂದಿಗೆ,
ತುಮಕೂರಿನ ಒಬ್ಬ ಗೃಹ ಬಳಕೆ ಗ್ರಾಹಕ